ಐವತ್ತನೇ ಮಹಡಿಯ ರೂಮು: ಓದುಗರ ಪ್ರಶ್ನೆ, ನಮ್ಮ ಉತ್ತರ

ರಜೆಗೆ ಸಿಂಗಪುರಕ್ಕೆ ಹೊರಟ ಓದುಗರು ಹೆಚ್ಚಾಗಿ ಕೇಳಿರುವುದು ಮರೀನಾ ಬೇ ಸ್ಯಾಂಡ್ಸ್ ಬಗ್ಗೆ. ಮೂರು ಗೋಪುರ, ಅವುಗಳ ನೆತ್ತಿಯ ಮೇಲೆ ಹಡಗಿನಂತೆ ಕುಳಿತ ತೋಟ, ತೋಟದಲ್ಲಿ ಈಜುಕೊಳ ಇರುವ ಹೋಟೆಲ್ ಅದು. ವಾಸ್ತುಶಿಲ್ಪಿ ಮೋಶೆ ಸಫ್ದಿ. ಬಾಗಿಲು ತೆರೆದದ್ದು 2010ರಲ್ಲಿ. ಕೆಳಗಿನ ಉತ್ತರಗಳಲ್ಲಿ ಹಲವು ಬೇರೆ ಎತ್ತರದ ಹೋಟೆಲ್‌ಗಳಿಗೂ ಹೊಂದುತ್ತವೆ.

ಪ್ರಶ್ನೆ: ರೂಮಿಗೆ 700 ಡಾಲರ್, ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದೆ. ಏನದು? ಡೆಪಾಸಿಟ್ಟನ್ನು ಡೆಬಿಟ್ ಕಾರ್ಡಿನಲ್ಲಿ ಕೊಡಬಹುದೇ? (ಮೈಸೂರು)

ಮೊದಲ ಪ್ಲಸ್ ಶೇ. 10 ಸೇವಾ ಶುಲ್ಕ, ಎರಡನೆಯದು ಶೇ. 9 ಜಿಎಸ್‌ಟಿ. ಬಹಳ ಜನ ಎರಡನ್ನೂ ಕೂಡಿ ಶೇ. 19 ಎಂದು ಲೆಕ್ಕ ಹಾಕುತ್ತಾರೆ, ಅದು ತಪ್ಪು. ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ: 700ಕ್ಕೆ 70 ಸೇರಿ 770, ಅದರ ಮೇಲೆ 69.30, ಒಟ್ಟು 839.30 ಸಿಂಗಪುರ ಡಾಲರ್. ಚಾಂಗಿ ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆ ಜಿಎಸ್‌ಟಿ ವಾಪಸ್ ಸಿಗುವುದು ಕೊಂಡು ಹೊರಗೆ ಒಯ್ಯುವ ಸಾಮಾನಿಗೆ ಮಾತ್ರ. ರೂಮು, ಊಟದ ಬಿಲ್ಲಿಗೆ ಸಿಗದು.

ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡನ್ನೇ ಕೊಡಿ. ಅದರಲ್ಲಿ ಹೋಟೆಲಿನವರು ಲಿಮಿಟ್ಟಿನ ಒಂದು ಭಾಗವನ್ನು ತಡೆಹಿಡಿಯುತ್ತಾರೆ ಅಷ್ಟೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಸ್ವಂತ ದುಡ್ಡೇ ಕಟ್ಟಿಹೋಗುತ್ತದೆ, ರೂಮು ಬಿಟ್ಟ ಮೇಲೂ ಬಿಡುಗಡೆಗೆ ದಿನಗಳು ಹಿಡಿಯಬಹುದು. ಪ್ರವಾಸದ ಖರ್ಚಿಗೆಂದು ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಹೀಗಾದರೆ ಉಳಿದ ದಿನಗಳು ಪರದಾಟವೇ. ಮೆಷಿನ್ ‘ರೂಪಾಯಿಯೋ ಡಾಲರೋ’ ಎಂದು ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರವನ್ನು ಅಲ್ಲಿನವರು ನಿಗದಿ ಮಾಡುತ್ತಾರೆ, ಬಹುತೇಕ ನಿಮಗೇ ನಷ್ಟ.

ಪ್ರಶ್ನೆ: ಮೇಲಿನ ಈಜುಕೊಳದ ಅಂಚಿನಲ್ಲಿ ಗೋಡೆಯೇ ಕಾಣುವುದಿಲ್ಲ. ಮಕ್ಕಳನ್ನು ಕರೆದೊಯ್ಯಬಹುದೇ? ಗಾಳಿಗೆ ಕಟ್ಟಡ ಅಲುಗಿದರೆ ಕೊಳ ಬಿರುಕು ಬಿಡುವುದಿಲ್ಲವೇ? (ಶಿವಮೊಗ್ಗ)

ಈಜುಕೊಳ ಇರುವುದು 57ನೇ ಹಂತದಲ್ಲಿ, ನೆಲದಿಂದ ಸುಮಾರು 200 ಮೀಟರ್ ಮೇಲೆ. ಫೋಟೋದಲ್ಲಿ ನೀರು ನೇರ ಊರಿನ ಮೇಲೆ ಸುರಿಯುವಂತೆ ಕಾಣುತ್ತದೆ. ಹತ್ತಿರ ಹೋಗಿ ಅಂಚಿನಾಚೆ ಬಗ್ಗಿದರೆ ಗುಟ್ಟು ತಿಳಿಯುತ್ತದೆ: ಉಕ್ಕಿದ ನೀರು ಅಂಚಿನ ಕೆಳಗಿರುವ ಇನ್ನೊಂದು ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಪಂಪು ಅದನ್ನು ಮತ್ತೆ ಕೊಳಕ್ಕೆ ಎತ್ತುತ್ತದೆ. ಅಂಚಿನಾಚೆ ನೇರ ಬೀದಿಯಿಲ್ಲ. ಹಾಗೆಂದು ಮಕ್ಕಳನ್ನು ಅಂಚಿನ ಮೇಲೆ ಕೂರಿಸಿ ಫೋಟೋ ತೆಗೆಯುವುದು ಬೇಡವೇ ಬೇಡ. ಒದ್ದೆ ಅಂಚು ಜಾರುತ್ತದೆ, ತೊಟ್ಟಿಗೆ ಬಿದ್ದರೂ ಪೆಟ್ಟು ಪೆಟ್ಟೇ.

ಕಟ್ಟಡದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಎತ್ತರದ ಕಟ್ಟಡಗಳೆಲ್ಲ ಗಾಳಿಗೆ ಅಲುಗುತ್ತವೆ, ಅಲುಗಲೇಬೇಕು. ಬಾಗದೆ ಸೆಟೆದು ನಿಂತದ್ದೇ ಮುರಿಯುವುದು. ಇಲ್ಲಿನ ತೊಡಕು ಏನೆಂದರೆ ಮೂರು ಗೋಪುರಗಳು ಒಂದೊಂದೂ ತನ್ನ ಪಾಡಿಗೆ ಅಲುಗುತ್ತವೆ, ಈಜುಕೊಳ ಮಾತ್ರ ಮೂರರ ಮೇಲೂ ಹಾಸಿಕೊಂಡಿದೆ. ಅದಕ್ಕೇ ಕೊಳವನ್ನು ಕಾಂಕ್ರೀಟಿನಲ್ಲಿ ಕಟ್ಟದೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ್ದಾರೆ, ಅಡಿಯಲ್ಲಿ ನಾಲ್ಕು ಕಡೆ ಸರಿದಾಡುವ ಕೀಲು ಕೊಟ್ಟಿದ್ದಾರೆ. ಒಟ್ಟು 500 ಮಿಲಿಮೀಟರ್, ಅಂದರೆ ಅರ್ಧ ಮೀಟರಿನಷ್ಟು ಚಲನೆಯನ್ನು ಅವು ತಡೆದುಕೊಳ್ಳಬಲ್ಲವು. ಕಾಲಕ್ರಮದಲ್ಲಿ ಗೋಪುರ ಕೊಂಚ ಕುಸಿದರೂ ನೀರಿನ ಮಟ್ಟ ಓರೆಯಾಗದಂತೆ ಕೊಳದಡಿಯ ಜಾಕ್‌ಗಳನ್ನು ಏರಿಸಿ ಇಳಿಸಿ ಸರಿಹೊಂದಿಸುತ್ತಾರೆ. ಎಂಜಿನಿಯರುಗಳ ಈ ಎಚ್ಚರ ನಿಜಕ್ಕೂ ಮೆಚ್ಚತಕ್ಕದ್ದು.

ನಿಮ್ಮ ಈಜಿಗೆ ಅಡ್ಡಬರುವುದು ಕಟ್ಟಡವಲ್ಲ, ಸಿಡಿಲು. ಸಿಂಗಪುರದಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಮಿಂಚು ಕಂಡರೆ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ. ಸಂಜೆಗೆಂದು ಕಾದು ಕುಳಿತವರಿಗೆ ಕೊನೆಗೆ ಕೊಳವೇ ಸಿಗದಿರಬಹುದು. ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಿಗ್ಗೆ 7ರ ಆಸುಪಾಸಿಗೆ. ಆ ಹೊತ್ತಿಗೆ ಹೋಗಿ: ಜನ ಕಡಿಮೆ, ಬಿಸಿಲೂ ಮೆತ್ತಗೆ. ಪ್ರತಿಯೊಬ್ಬರ ಕೈಯಲ್ಲೂ ಕೀ ಕಾರ್ಡ್ ಇರಲಿ. ಕೊಳ ಹೋಟೆಲಿನಲ್ಲಿ ತಂಗಿದವರಿಗೆ ಮಾತ್ರ. ಸಿಂಗಪುರದಲ್ಲೇ ಇರುವ ನಿಮ್ಮ ನೆಂಟರು ಟಿಕೆಟ್ ಕೊಂಡು ಪಕ್ಕದ ವೀಕ್ಷಣಾ ಕಟ್ಟೆಗೆ ಬರಬಹುದು, ನೀರಿಗೆ ಇಳಿಯುವಂತಿಲ್ಲ.

ಪ್ರಶ್ನೆ: ಅಮ್ಮನಿಗೆ ಎತ್ತರ ಕಂಡರೆ ತಲೆ ಸುತ್ತುತ್ತದೆ. ಎಷ್ಟನೇ ಮಹಡಿ ಕೇಳಲಿ? ಬೆಂಕಿ ಬಿದ್ದರೆ ಏನು ಗತಿ? (ಹುಬ್ಬಳ್ಳಿ)

ಕೆಳಗಿನ ಮಹಡಿಯನ್ನೇ ಕೇಳಿ. ಎತ್ತರದ ನೋಟಕ್ಕೆ ಈಜುಕೊಳವೇ ಇರುವಾಗ ರೂಮಿಗೂ ಅದಕ್ಕೆಂದೇ ಹೆಚ್ಚು ದುಡ್ಡು ಸುರಿಯುವ ಅಗತ್ಯ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅಮ್ಮನ ಮಂಚ ಕಿಟಕಿಯಿಂದ ದೂರದ್ದಾಗಿರಲಿ. ಲಿಫ್ಟಿನಲ್ಲಿ ಕಿವಿ ಕಟ್ಟಿದರೆ ಗಾಬರಿ ಬೇಡ, ಗಾಳಿಯ ಒತ್ತಡ ಬೇಗ ಬದಲಾಗುವುದರಿಂದ ಹಾಗಾಗುತ್ತದೆ. ಎಂಜಲು ನುಂಗಿದರೆ ಬಿಡುತ್ತದೆ.

ಬೆಂಕಿಯ ವಿಷಯಕ್ಕೆ ಐದು ನಿಮಿಷ ಕೊಡಿ. ರೂಮಿಗೆ ಹೋದ ತಕ್ಷಣ, ಪೆಟ್ಟಿಗೆ ಬಿಚ್ಚುವ ಮೊದಲು, ಹತ್ತಿರದ ಮೆಟ್ಟಿಲಿನ ತನಕ ನಡೆದು ನಡುವೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ. ‘ಎಡಕ್ಕೆ ಆರನೆಯದು’ ಎಂದು ಮನಸ್ಸಿನಲ್ಲಿದ್ದರೆ ಹೊಗೆಯಲ್ಲಿ ಏನೂ ಕಾಣದಿದ್ದರೂ ಗೋಡೆ ಸವರಿಕೊಂಡು ಮುಟ್ಟಬಹುದು. ಅಲಾರಾಂ ಹೊಡೆದರೆ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ: ಒದ್ದೆ ಟವೆಲ್ಲನ್ನು ಬಾಗಿಲಡಿಯ ಸಂದಿಗೆ ತುರುಕಿ, ರಿಸೆಪ್ಷನ್ನಿಗೆ ಫೋನ್ ಮಾಡಿ ರೂಮ್ ನಂಬರ್ ಹೇಳಿ. ತಣ್ಣಗಿದ್ದರೆ ಕೀ ಕಾರ್ಡ್ ಹಿಡಿದು ಮೆಟ್ಟಿಲಿಗೆ ನಡೆಯಿರಿ, ಲಿಫ್ಟ್ ಬೇಡ. ಎತ್ತರದ ಕಟ್ಟಡಗಳಲ್ಲಿ ಮೆಟ್ಟಿಲಿನ ಕೋಣೆಗೆ ಫ್ಯಾನಿನಿಂದ ಗಾಳಿ ತುಂಬಿಸುವ ವ್ಯವಸ್ಥೆ ಇರುತ್ತದೆ, ಹೊಗೆ ಒಳನುಗ್ಗದಿರಲೆಂದು. ಬಾಗಿಲು ತಳ್ಳಲು ಭಾರವೆನಿಸುವುದು ಅದಕ್ಕೇ. ಅದನ್ನು ತೆರೆದಿಟ್ಟರೆ ಆ ಒತ್ತಡ ಹೋಗಿ ಮೆಟ್ಟಿಲಿಗೂ ಹೊಗೆ ಬರುತ್ತದೆ. ಸುಮ್ಮನೆ ನೋಡಲೆಂದು ಒಳಹೊಕ್ಕು ಬಾಗಿಲು ಮುಚ್ಚಬೇಡಿ. ಅನೇಕ ಕಡೆ ಅದು ಮೆಟ್ಟಿಲಿನ ಕಡೆಯಿಂದ ತೆರೆಯದು, ಕೆಳತನಕ ಇಳಿಯಬೇಕಾದೀತು. ಅಮ್ಮನಿಗೆ ಮೆಟ್ಟಿಲು ಇಳಿಯಲು ಕಷ್ಟವಿದ್ದರೆ ಚೆಕ್-ಇನ್ ಹೊತ್ತಿಗೇ ಹೇಳಿಡಿ.

ಪ್ರಶ್ನೆ: ಅತ್ತೆಗೆ ದಿನಾ ದೀಪ, ಊದುಬತ್ತಿ ಹಚ್ಚದೆ ಆಗದು. ಅವರ ಇನ್ಸುಲಿನ್ನನ್ನು ಮಿನಿಬಾರಿನಲ್ಲಿ ಇಡಬಹುದೇ? (ಉಡುಪಿ)

ಬೆಂಕಿ ಹಚ್ಚುವುದು ಬೇಡ. ಚಾವಣಿಯ ಹೊಗೆ ಪತ್ತೆಯಂತ್ರಕ್ಕೆ ಊದುಬತ್ತಿಯ ಹೊಗೆ, ಉರಿಯುವ ಪರದೆಯ ಹೊಗೆ ಎಂಬ ವ್ಯತ್ಯಾಸ ತಿಳಿಯದು. ಸಿಬ್ಬಂದಿ ಓಡಿ ಬರುತ್ತಾರೆ, ದಂಡವೂ ಬೀಳಬಹುದು. ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವುದಂತೂ ಮಹಡಿಯವರೆಲ್ಲರ ಜೀವಕ್ಕೆ ಅಪಾಯ. ಬ್ಯಾಟರಿ ದೀಪ, ಹೂವು, ಜೊತೆಗೊಂದು ಪುಟ್ಟ ಪಟ ಒಯ್ಯಿರಿ. ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ್ ಗುಡಿಗೆ ಕರೆದೊಯ್ದರೆ ಅತ್ತೆಯವರ ಮನಸ್ಸಿಗೂ ಸಮಾಧಾನ.

ಇನ್ನೂ ಬಳಸಲು ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಮಿನಿಬಾರ್ ಅಷ್ಟು ತಣ್ಣಗಿರುತ್ತದೆಂದು ನಂಬುವಂತಿಲ್ಲ. ಜೊತೆಗೆ, ಕೆಲವು ಮಿನಿಬಾರ್‌ಗಳಲ್ಲಿ ಸೆನ್ಸರ್ ಇರುತ್ತದೆ: ಔಷಧಿಗೆ ಜಾಗ ಮಾಡಲೆಂದು ಬಾಟಲಿ ತೆಗೆದಿಟ್ಟರೂ ಕುಡಿದ ಲೆಕ್ಕಕ್ಕೆ ಬಿಲ್ಲಾಗುತ್ತದೆ. ‘ಔಷಧಿಗೆ ಪ್ರತ್ಯೇಕ ಫ್ರಿಜ್ ಬೇಕು’ ಎಂದು ಬುಕಿಂಗ್ ಆದ ಕೂಡಲೇ ಇಮೇಲ್ ಮಾಡಿ, ಹೋದ ಮೇಲೆ ಮತ್ತೊಮ್ಮೆ ನೆನಪಿಸಿ.

ಪ್ರಶ್ನೆ: ವಿಮಾನ ಬೆಳಿಗ್ಗೆಯೇ ಇಳಿಯುತ್ತದೆ. ರೂಮು ಆಗಲೇ ಸಿಗುತ್ತದೆಯೇ? (ಬೆಂಗಳೂರು)

ಚೆಕ್-ಇನ್ ಮಧ್ಯಾಹ್ನ 3ಕ್ಕೆ, ಬಿಡುವುದು ಬೆಳಿಗ್ಗೆ 11ಕ್ಕೆ. ಬೇಗ ಬಂದರೆ ಹೆಸರು ನೋಂದಾಯಿಸಿ, ಸಾಮಾನನ್ನು ಬೆಲ್ ಡೆಸ್ಕಿನಲ್ಲಿ ಬಿಟ್ಟು ಚೀಟಿ ಪಡೆಯಿರಿ. ಪಾಸ್‌ಪೋರ್ಟ್, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಚಿಕ್ಕ ಮಗುವೋ ವಯಸ್ಸಾದವರೋ ಜೊತೆಗಿದ್ದು ಬಂದ ಕೂಡಲೇ ಮಲಗಲೇಬೇಕೆಂದರೆ ಹಿಂದಿನ ರಾತ್ರಿಗೂ ಸೇರಿಸಿ ಬುಕ್ ಮಾಡುವುದೊಂದೇ ಖಚಿತ ದಾರಿ. ಆಗ ‘ಬೆಳಿಗ್ಗೆ ಬರುತ್ತೇವೆ’ ಎಂದು ಬರೆದು ತಿಳಿಸಿ, ಇಲ್ಲವಾದರೆ ಬಾರದವರೆಂದು ರೂಮು ರದ್ದಾದೀತು.