ದೇವಸ್ಥಾನದ ಹೊಸ್ತಿಲಲ್ಲಿ ತಡೆದರೆ: ಹೆಣ್ಣುಮಕ್ಕಳ ಪ್ರಶ್ನೆಗಳಿಗೆ ಕಾನೂನಿನ ಉತ್ತರ

ದೇವಸ್ಥಾನ ಪ್ರವೇಶದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರು, ಊರು ತೆಗೆದಿದ್ದೇವೆ.

ಪ್ರಶ್ನೆ: ನಮ್ಮ ಮನೆದೇವರ ಗುಡಿ ಪಕ್ಕದ ಊರಿನಲ್ಲಿದೆ. ಹಬ್ಬದ ದಿನ ಗಂಡಸರು ಅಂಗಿ ಬಿಚ್ಚಿ, ಶಲ್ಯ ಹೊದ್ದು ಗರ್ಭಗುಡಿಯ ಬಾಗಿಲವರೆಗೂ ಹೋಗಿ ಅಡ್ಡಬೀಳುತ್ತಾರೆ. ಹೆಂಗಸರು ಮಾತ್ರ ನವರಂಗದ ಹೊರಗಿನ ಹೊಸ್ತಿಲಲ್ಲೇ ನಿಲ್ಲಬೇಕು. ಕೇಳಿದರೆ ‘ಮೊದಲಿಂದ ಬಂದ ಪದ್ಧತಿ’ ಅನ್ನುತ್ತಾರೆ. ಕಾನೂನಿನಲ್ಲಿ ಇದಕ್ಕೆ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಗಮನಿಸಬೇಕಾದ್ದು, ಗೆರೆ ಎಳೆದಿರುವುದು ಎಲ್ಲಿ, ಯಾರಿಗೆ ಎಂಬುದನ್ನು. ಅರ್ಚಕರ ಹೊರತು ಯಾವ ಗಂಡಸೂ ಗರ್ಭಗುಡಿಯೊಳಗೆ ಕಾಲಿಡುವಂತಿಲ್ಲ ಎಂದಾದರೆ ಅದು ಎಲ್ಲ ಭಕ್ತರಿಗೂ ಒಂದೇ ನಿಯಮ. ಅಲ್ಲಿ ‘ಹೆಣ್ಣು ಎಂಬ ಕಾರಣಕ್ಕೆ ತಡೆದರು’ ಎಂಬ ವಾದ ನಿಲ್ಲುವುದು ಕಷ್ಟ. ನಿಮ್ಮ ಗುಡಿಯಲ್ಲಿ ಹಾಗಿಲ್ಲ. ಭಕ್ತನಾಗಿ ಬಂದ ಗಂಡಸು ದಾಟುವ ಹೊಸ್ತಿಲನ್ನು ಭಕ್ತೆಯಾಗಿ ಬಂದ ಹೆಣ್ಣು ದಾಟುವಂತಿಲ್ಲ. ನಿಮ್ಮ ಅರ್ಜಿಯ ಜೀವ ಇರುವುದು ಈ ಒಂದು ಮಾತಿನಲ್ಲಿ.

ಮಹಾರಾಷ್ಟ್ರದ ಶನಿ ಶಿಂಗ್ಣಾಪುರದಲ್ಲಿ ನಡೆದದ್ದೂ ಇದೇ. ಅಲ್ಲಿ ಶನಿದೇವರ ಶಿಲೆ ಇರುವುದು ಬಯಲಿನ ಕಟ್ಟೆಯ ಮೇಲೆ. ಕಟ್ಟೆ ಹತ್ತಲು ಹೆಂಗಸರಿಗೆ ಅವಕಾಶವಿರಲಿಲ್ಲ. ಆ ರಾಜ್ಯದಲ್ಲಿ 1956ರ ದೇವಸ್ಥಾನ ಪ್ರವೇಶ ಕಾಯ್ದೆ ಇದೆ. ಯಾವ ವರ್ಗದ ಹಿಂದೂವನ್ನೂ ಸಾರ್ವಜನಿಕ ಪೂಜಾಸ್ಥಳದಲ್ಲಿ ತಡೆಯಬಾರದು, ತಡೆದರೆ ಆರು ತಿಂಗಳವರೆಗೆ ಜೈಲು ಎಂದು ಅದು ಹೇಳುತ್ತದೆ. ಗಂಡಸರು ಹೋಗುವ ಕಡೆಗೆ ಹೆಂಗಸರೂ ಹೋಗಬಹುದು, ಕಾಯ್ದೆ ಜಾರಿ ಮಾಡುವುದು ಸರ್ಕಾರದ ಕರ್ತವ್ಯ ಎಂದು ಬಾಂಬೆ ಹೈಕೋರ್ಟ್ 2016ರಲ್ಲಿ ಹೇಳಿತು. ಅದೇ ವರ್ಷದ ಏಪ್ರಿಲ್ 8ರಂದು, ಯುಗಾದಿಯ ದಿನ, ಟ್ರಸ್ಟ್ ಹೆಂಗಸರಿಗೆ ಕಟ್ಟೆ ಬಿಟ್ಟುಕೊಟ್ಟಿತು. ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ ಅದೇ ಹೊತ್ತಿಗೆ ಇನ್ನೊಂದು ದಾರಿ ಹಿಡಿದರು. ಹೆಂಗಸರನ್ನು ಬಿಡುವ ಬದಲು ಗಂಡಸರಿಗೂ ಗರ್ಭಗುಡಿಯ ಬಾಗಿಲು ಮುಚ್ಚಿದರು. ನಿಮ್ಮ ಸಮಿತಿಯೂ ಹಾಗೆ ಮಾಡಿದರೆ ಸಮಾನತೆ ಬಂದಂತಾಗುತ್ತದೆ, ಪ್ರವೇಶ ಮಾತ್ರ ಸಿಗುವುದಿಲ್ಲ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ.

ಎರಡನೆಯದು, ಗುಡಿ ಯಾರ ಆಡಳಿತದಲ್ಲಿದೆ ಎಂಬುದು. ಕುಂಕುಮಾರ್ಚನೆಗೋ ಅಭಿಷೇಕಕ್ಕೋ ಕೊಡುವ ಸೇವಾ ರಸೀದಿಯ ತಲೆಬರಹ ನೋಡಿ. ಅಲ್ಲಿ ಧಾರ್ಮಿಕ ದತ್ತಿ ಇಲಾಖೆಯ ಹೆಸರಿದ್ದರೆ ಅದು ಮುಜರಾಯಿ ದೇವಸ್ಥಾನ. ಟ್ರಸ್ಟ್ ಹೆಸರಿದ್ದರೆ ಖಾಸಗಿ ಆಡಳಿತ. ಮಠಗಳು ಮತ್ತು ಅವುಗಳಿಗೆ ಸೇರಿದ ಗುಡಿಗಳಿಗೆ ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆ ಅನ್ವಯಿಸುವುದಿಲ್ಲ. ರಸೀದಿಯಿಂದ ತಿಳಿಯದಿದ್ದರೆ ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಕೇಳಿ.

ಮುಜರಾಯಿಯದಾದರೆ ಒಂದು ಪುಟ ಮೀರದ ಮನವಿ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಹೊಸ್ತಿಲಲ್ಲಿ ತಡೆದರು, ಅದೇ ಹೊತ್ತಿಗೆ ಗಂಡಸರು ಎಲ್ಲಿಯವರೆಗೆ ಹೋದರು, ಇಷ್ಟೇ ಸಾಕು. ಅರ್ಚಕರನ್ನು ಬೈದು ಬರೆಯಬೇಡಿ. ಬೈದರೆ ವಿಷಯ ಹೊಸ್ತಿಲು ಬಿಟ್ಟು ಅರ್ಚಕರ ಮಾನದ ಕಡೆ ತಿರುಗುತ್ತದೆ, ಊರು ಅವರ ಹಿಂದೆ ನಿಲ್ಲುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ: ‘ಈ ನಿಯಮ ಸಮಿತಿಯ ಯಾವ ಸಭೆಯ ನಡಾವಳಿಯಲ್ಲಿ, ಯಾವ ದಿನಾಂಕದಂದು ದಾಖಲಾಗಿದೆ?’ ಮನವಿಯನ್ನು ವ್ಯವಸ್ಥಾಪನಾ ಸಮಿತಿಗೂ ತಹಶೀಲ್ದಾರರಿಗೂ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಬಾಯಿಮಾತಿನಲ್ಲಿ ‘ನೋಡೋಣ ಬಿಡಮ್ಮಾ’ ಎಂದು ಕಳಿಸಿದ್ದಕ್ಕೆ ಕೋರ್ಟಿನಲ್ಲಿ ಸಾಕ್ಷಿ ಇರುವುದಿಲ್ಲ.

ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗಿರಬೇಕು. ಇದನ್ನು ಮರೆತು ಹತ್ತು ವಿಷಯ ತುಂಬಿದವರ ಅರ್ಜಿ ತಿರಸ್ಕಾರವಾಗುತ್ತದೆ. 30 ದಿನದಲ್ಲಿ ಮಾಹಿತಿ ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ‘ಅಂಥ ನಡಾವಳಿ ಕಚೇರಿಯಲ್ಲಿ ಲಭ್ಯವಿಲ್ಲ’ ಎಂಬ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತೆಂದು ಬೇಸರ ಮಾಡಿಕೊಳ್ಳಬೇಡಿ. ಬರಹದಲ್ಲಿಲ್ಲದ ನಿಯಮದ ಮೇಲೆ ನಿಮ್ಮನ್ನು ತಡೆಯುತ್ತಿದ್ದಾರೆ ಎಂಬುದನ್ನು ಸರ್ಕಾರಿ ಕಚೇರಿಯೇ ಬರೆದುಕೊಟ್ಟಂತಾಯಿತು. ಎಷ್ಟೋ ಕಡೆ ವಿಷಯ ಈ ಕಾಗದದಲ್ಲೇ ಇತ್ಯರ್ಥವಾಗಬಹುದು, ಏಕೆಂದರೆ ಹೊಣೆ ಹೊತ್ತು ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ.

ಅಲ್ಲಿಗೂ ಆಗದಿದ್ದರೆ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಅರ್ಜಿದಾರರು ಆ ದೇವರಿಗೆ ನಡೆದುಕೊಳ್ಳುವ ಮನೆಯವರೇ ಆಗಿರಲಿ. ಹಳೆಯ ಸೇವಾ ರಸೀದಿ, ಹರಕೆ ಚೀಟಿ ಜೋಡಿಸಿ. ಕ್ಯಾಮೆರಾ ಹಿಡಿದು ಜಾತ್ರೆಯ ದಿನ ನುಗ್ಗುವ ದಾರಿಯನ್ನು ನಾನು ಸೂಚಿಸುವುದಿಲ್ಲ. ನುಗ್ಗಿದ ಕ್ಷಣದಿಂದ ಅದು ಹಕ್ಕಿನ ವಿಷಯವಾಗಿ ಉಳಿಯದೆ ಪೊಲೀಸರ ಪಾಲಿಗೆ ಶಾಂತಿಭಂಗದ ವಿಷಯವಾಗುತ್ತದೆ.

ಒಂದು ಮಾತು ಸೇರಿಸಲೇಬೇಕು. ತಡೆದದ್ದು ಜಾತಿಯ ಕಾರಣಕ್ಕೆ, ತಡೆಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದ ಹೆಣ್ಣುಮಗಳು ಎಂದಾದರೆ ಮನವಿ, ಹಿಂಬರಹ ಎಂದು ಕಾಯಬೇಕಿಲ್ಲ. ದೌರ್ಜನ್ಯ ತಡೆ ಕಾಯ್ದೆಯಡಿ ಅದು ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ನೇರ ಪೊಲೀಸ್ ಠಾಣೆಗೆ ಹೋಗಿ. ಸಹಾಯವಾಣಿ 14566.

ಪ್ರಶ್ನೆ: ಶಬರಿಮಲೆಯಲ್ಲಿ ಹೆಂಗಸರ ಪರವಾಗಿ ತೀರ್ಪು ಬಂತು ಅಂದರು, ಆಮೇಲೆ ಮತ್ತೆ ಹೋಗುವಂತಿಲ್ಲ ಅಂದರು. ನಿಜವಾಗಿ ಆದದ್ದೇನು?

ಉತ್ತರ: ಶಬರಿಮಲೆಯ ಅಯ್ಯಪ್ಪ ನೈಷ್ಠಿಕ ಬ್ರಹ್ಮಚಾರಿ, 41 ದಿನದ ವ್ರತ ಹಿಡಿದು ಬರಬೇಕು ಎಂಬುದು ಅಲ್ಲಿನ ನಂಬಿಕೆ. ಹೆಂಗಸರ ಮೇಲಿನ ನಿರ್ಬಂಧ ಬರಹಕ್ಕೆ ಇಳಿದದ್ದು ದೇವಸ್ಥಾನದ ಆಡಳಿತ ನೋಡುವ ದೇವಸ್ವಂ ಮಂಡಳಿ 1955 ಮತ್ತು 1956ರಲ್ಲಿ ಹೊರಡಿಸಿದ ಪ್ರಕಟಣೆಗಳಲ್ಲಿ. ಅವುಗಳಲ್ಲಿ ತಡೆ ಇದ್ದದ್ದು 10ರಿಂದ 55 ವರ್ಷದ ಹೆಂಗಸರಿಗೆ. 1991ರಲ್ಲಿ ಕೇರಳ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿದಾಗ ಅದು 10ರಿಂದ 50 ಆಯಿತು. ಆ ಮೊಕದ್ದಮೆಯ ದಾಖಲೆಯಲ್ಲೇ ಇನ್ನೊಂದು ಸಂಗತಿ ಇದೆ: ತಿಂಗಳ ಪೂಜೆಗೆ ನಡೆ, ಅಂದರೆ ಗುಡಿಯ ಬಾಗಿಲು, ತೆರೆದಾಗ ಮಗುವಿನ ಅನ್ನಪ್ರಾಶನಕ್ಕೆ ತಾಯಂದಿರು ಬರುತ್ತಿದ್ದರು, ಮಂಡಳಿ ದುಡ್ಡು ತೆಗೆದುಕೊಂಡು ರಸೀದಿ ಕೊಡುತ್ತಿತ್ತು. ಎದೆಹಾಲು ಕುಡಿಯುವ ಕೂಸಿನ ತಾಯಿಗೆ ಐವತ್ತು ಆಗಿರುವುದಿಲ್ಲ. ‘ಅನಾದಿಯಿಂದ ಒಂದೇ ಪದ್ಧತಿ’ ಎಂಬ ವಾದವನ್ನು ತೂಗುವಾಗ ನನ್ನ ಕಣ್ಣಿಗೆ ಮೊದಲು ಬರುವುದು ಆ ರಸೀದಿ.

2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗೆ 2018ರ ಸೆಪ್ಟೆಂಬರ್ 28ರಂದು ತೀರ್ಪು ಬಂತು, ನಾಲ್ಕು ಒಂದರ ಬಹುಮತದಲ್ಲಿ. ಕೇರಳದ 1965ರ ಕಾಯ್ದೆ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯುತ್ತದೆ. ಆದರೆ ಅದೇ ಕಾಯ್ದೆಯಡಿ ಮಾಡಿದ ನಿಯಮಗಳ 3(ಬಿ), ರೂಢಿ ಒಪ್ಪದ ಕಾಲದಲ್ಲಿ ಹೆಂಗಸರು ಬರುವಂತಿಲ್ಲ ಎನ್ನುತ್ತಿತ್ತು. ತಾಯಿ ಕಾಯ್ದೆ ಕೊಟ್ಟದ್ದನ್ನು ಅದರ ನಿಯಮ ಕಿತ್ತುಕೊಳ್ಳಲಾಗದು ಎಂದು ಕೋರ್ಟ್ ಅದನ್ನು ರದ್ದು ಮಾಡಿತು. ಅಯ್ಯಪ್ಪ ಭಕ್ತರು ತಮ್ಮ ಧಾರ್ಮಿಕ ವಿಷಯಗಳನ್ನು ತಾವೇ ನಡೆಸಿಕೊಳ್ಳಲು ಪಂಥಗಳಿಗೆ ಹಕ್ಕು ಕೊಡುವ 26ನೇ ವಿಧಿಯ ರಕ್ಷಣೆ ಇರುವ ಪ್ರತ್ಯೇಕ ಪಂಥವಲ್ಲ ಎಂದೂ ಹೇಳಿತು. ಪಂಥ ಎನಿಸಿಕೊಳ್ಳಲು ಒಂದೇ ನಂಬಿಕೆ, ಒಂದೇ ಸಂಘಟನೆ, ಪ್ರತ್ಯೇಕ ಹೆಸರು ಮೂರೂ ಬೇಕು. ಭಿನ್ನ ತೀರ್ಪು ಬರೆದವರು ಪೀಠದಲ್ಲಿದ್ದ ಏಕೈಕ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಆ ದೇವರ ಭಕ್ತರಲ್ಲದವರ ಅರ್ಜಿಯ ಮೇಲೆ ಕೋರ್ಟ್ ನಂಬಿಕೆಯನ್ನು ತರ್ಕದ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅವರ ನಿಲುವು. ನಾನು ಬಹುಮತದ ಪರ, ಆದರೂ ಅವರ ಮಾತು ಹಗುರವಾದದ್ದಲ್ಲ. ಮೇಲಿನ ಉತ್ತರದಲ್ಲಿ ಅರ್ಜಿದಾರರು ಆ ದೇವರಿಗೆ ನಡೆದುಕೊಳ್ಳುವವರೇ ಆಗಿರಲಿ ಎಂದದ್ದು ಅದಕ್ಕೇ.

ಮರುಪರಿಶೀಲನಾ ಅರ್ಜಿಗಳ ಮೇಲೆ 2019ರ ನವೆಂಬರ್ 14ರಂದು ಮೂರು ಎರಡರ ಬಹುಮತದಲ್ಲಿ ಕೋರ್ಟ್ ಮೂಲ ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಕಳಿಸಿತು. ಹಾಗೆ ಕಳಿಸಿದ್ದು ಸರಿ ಎಂದು 2020ರ ಫೆಬ್ರವರಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. 2019ರ ಆ ಆದೇಶ 2018ರ ತೀರ್ಪನ್ನು ರದ್ದು ಮಾಡಲೂ ಇಲ್ಲ, ಅದಕ್ಕೆ ತಡೆ ಕೊಡಲೂ ಇಲ್ಲ. ಆದರೆ ಕಾಗದದ ಮೇಲೆ ಜೀವಂತವಿದ್ದ ಹಕ್ಕು, ಬೆಟ್ಟದ ಬುಡದ ಪಂಪೆಯಿಂದ ಮೇಲೆ ಹತ್ತುವ ದಾರಿಯಲ್ಲಿ ಹೆಚ್ಚಿನ ಹೆಂಗಸರ ಕೈಗೆ ಸಿಗಲಿಲ್ಲ. ಆ ಆದೇಶಕ್ಕೂ ಮುಂಚೆ, 2019ರ ಜನವರಿ 2ರ ನಸುಕಿನಲ್ಲಿ ಇಬ್ಬರು ಹೆಂಗಸರು ದರ್ಶನ ಮಾಡಿದ ಮೇಲೆ ತಂತ್ರಿಗಳು ನಡೆ ಮುಚ್ಚಿ ಶುದ್ಧಿಕ್ರಿಯೆ ಮಾಡಿದರು. ಆ ತೀರ್ಪಿನ ಬಲದ ಮೇಲೆ ನಿಮ್ಮೂರಿನ ಗುಡಿಗೆ ಅರ್ಜಿ ಹಾಕಬಹುದೇ ಎಂದರೆ, ಹಾಕಬಹುದು. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ನಮ್ಮ ಮೂಲ್ಕಿಯ ಮೊಕದ್ದಮೆಯನ್ನೂ ಜೋಡಿಸಿ. ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1957ರಲ್ಲೇ ಒಂದು ಮಾತು ಹೇಳಿದೆ. ಪಂಥದ ದೇವಸ್ಥಾನವಾದರೂ ಅದು ಸಾರ್ವಜನಿಕವಾಗಿದ್ದರೆ, 25(2)(ಬಿ) ವಿಧಿಯಂತೆ ಎಲ್ಲ ಹಿಂದೂಗಳಿಗೂ ತೆರೆಸುವ ಕಾನೂನಿಗೆ ತಲೆಬಾಗಬೇಕು, ಕೆಲವು ವಿಶೇಷ ಸೇವೆಗಳನ್ನಷ್ಟೇ ತಮ್ಮವರಿಗೆ ಮೀಸಲಿಟ್ಟುಕೊಳ್ಳಬಹುದು. ಅದು ಜಾತಿಯ ವಿಷಯದಲ್ಲಿ ಬಂದ ತೀರ್ಪು, ಹೆಣ್ಣಿನ ವಿಷಯಕ್ಕೂ ಅದರ ತರ್ಕ ಹೊಂದುತ್ತದೆ.

ಪ್ರಶ್ನೆ: ಬಾಗಿಲಲ್ಲಿ ನಿಂತು ‘ಹೊರಗೆ ಆಗಿದ್ದೀರಾ?’ ಎಂದು ಕೇಳುವ ಅಧಿಕಾರ ಯಾರಿಗಾದರೂ ಇದೆಯೇ? ನನಗೆ ಶಾಸ್ತ್ರದಲ್ಲಿ ನಂಬಿಕೆ ಇದೆ, ಆದರೆ ಈ ಪ್ರಶ್ನೆ ಅವಮಾನ ಅನ್ನಿಸುತ್ತದೆ.

ಉತ್ತರ: ಯಾರಿಗೂ ಇಲ್ಲ. ಆ ದಿನಗಳಲ್ಲಿ ದೂರ ಇರುವುದು ನಿಮ್ಮ ನಂಬಿಕೆಯಾದರೆ ಅದು ನಿಮ್ಮದು, ಅದನ್ನು ಬಿಡಿ ಎಂದು ಹೇಳಲು ನನಗೂ ಹಕ್ಕಿಲ್ಲ. ಅದನ್ನು ವಿಚಾರಣೆ ಮಾಡಿ ಜಾರಿಗೊಳಿಸುವ ಕೆಲಸ ಕಾವಲುಗಾರನದಲ್ಲ. ಇಂಥ ಪ್ರಶ್ನೆ ಕೇಳಿದರೆ ಉತ್ತರಿಸದೆ, ಕೇಳಿದವರ ಹುದ್ದೆ ಏನು ಎಂದು ಕೇಳಿ ಬರೆದುಕೊಳ್ಳಿ, ಅದನ್ನೂ ಮನವಿಯಲ್ಲಿ ಸೇರಿಸಿ. ಇನ್ನು ಸಂಪ್ರದಾಯ ಎಂದರೆ ಒಂದೇ ದನಿ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಇಷ್ಟಲಿಂಗಧಾರಿಗೆ ಇಲ್ಲವೆಂದರು. ಅಸ್ಸಾಮಿನ ಕಾಮಾಖ್ಯದಲ್ಲಿ ದೇವಿ ಮುಟ್ಟಾಗುತ್ತಾಳೆಂದು ಅಂಬುಬಾಚಿ ಹಬ್ಬದಲ್ಲಿ ಮೂರು ದಿನ ಗುಡಿಯ ಬಾಗಿಲು ಹಾಕಿ, ಆಮೇಲೆ ತೆರೆದು ಸಂಭ್ರಮಿಸುತ್ತಾರೆ. ಅಲ್ಲಿ ಅದೇ ಮುಟ್ಟಿನ ಗುರುತಿನ ಕೆಂಪು ಬಟ್ಟೆ ಭಕ್ತರಿಗೆ ಪ್ರಸಾದ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ನಮ್ಮ ತಾಯಿಯನ್ನು ದೇವಸ್ಥಾನದ ಕಾರ್ಯಕ್ರಮದಲ್ಲಿ ಮುಂದೆ ಬರಲು ಬಿಡುವುದಿಲ್ಲ. ಇದೂ ಪದ್ಧತಿಯೇ?

ಉತ್ತರ: ಈ ಪದ್ಧತಿಗೆ ಕಾನೂನಿನಲ್ಲಿ ಒಂದಿಂಚೂ ಜಾಗವಿಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರನ್ನು ತಡೆದಾಗ 2023ರಲ್ಲಿ ಮದ್ರಾಸ್ ಹೈಕೋರ್ಟ್ ಪೊಲೀಸರಿಗೇ ರಕ್ಷಣೆ ಕೊಡಲು ಹೇಳಿತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿಯೇ ನೇಮಿಸಿದರು. ತಾಯಿಯವರ ಹೆಸರಿನಲ್ಲೇ ಒಂದು ಸೇವೆ ಬರೆಸಿ, ಸಂಕಲ್ಪಕ್ಕೆ ಅವರನ್ನೇ ಕೂರಿಸಿ. ಸೇವಾಕರ್ತರು ಅವರು ಎಂದು ರಸೀದಿಯಲ್ಲಿ ಇರುವಾಗ ಹಿಂದೆ ಸರಿಸುವುದು ಸುಲಭವಲ್ಲ.

ಪ್ರಶ್ನೆ: ಹೆಣ್ಣು ಅರ್ಚಕಿ ಆಗಬಹುದೇ? ಸಮಿತಿಗೆ ಸೇರಬಹುದೇ?

ಉತ್ತರ: ಸಮಿತಿಯ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಕೈಗೆ ಬೇಗ ಸಿಗುವಂಥದ್ದು. 1997ರ ಕಾಯ್ದೆಯ 25ನೇ ಕಲಂ ಪ್ರಕಾರ ವ್ಯವಸ್ಥಾಪನಾ ಸಮಿತಿಯಲ್ಲಿ ಒಂಬತ್ತು ಜನ. ಅದರಲ್ಲಿ ಇಬ್ಬರು ಮಹಿಳೆಯರು ಇರಲೇಬೇಕು. ಸಮಿತಿ ರಚನೆಗೆ ಅರ್ಜಿ ಕರೆದ ಪ್ರಕಟಣೆ ದೇವಸ್ಥಾನದ ನೋಟಿಸ್ ಬೋರ್ಡಿನಲ್ಲೋ ತಾಲ್ಲೂಕು ಕಚೇರಿಯಲ್ಲೋ ಅಂಟಿರುತ್ತದೆ. ಅದನ್ನು ಹೆಂಗಸರು ನೋಡುವ ಹೊತ್ತಿಗೆ ಕೊನೆಯ ದಿನ ಮುಗಿದಿರುತ್ತದೆ, ಯಾರದೋ ಮನೆಯ ಹೆಂಗಸರ ಸಹಿ ಹಾಕಿಸಿ ಎರಡು ಜಾಗ ತುಂಬಿಬಿಡುತ್ತಾರೆ. ಈಗಿನ ಸಮಿತಿಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಸೇರಿದ ಮೇಲೆ ಪ್ರತಿ ಸಭೆಗೆ ಹೋಗಿ, ನಡಾವಳಿ ಪುಸ್ತಕ ಓದದೆ ಸಹಿ ಹಾಕಬೇಡಿ. ನಿಮ್ಮ ಭಿನ್ನಾಭಿಪ್ರಾಯವಿದ್ದರೆ ಸಹಿಯ ಪಕ್ಕದಲ್ಲೇ ಬರೆಯಿರಿ. ಹೊಸ್ತಿಲ ನಿಯಮ ಬದಲಾಗುವುದು ಆ ಪುಸ್ತಕದಲ್ಲಿ.

ಅರ್ಚಕ ವೃತ್ತಿಗೆ ಸಂವಿಧಾನದಲ್ಲಿ ಹೆಣ್ಣೆಂಬ ತಡೆ ಇಲ್ಲ. ತಡೆ ಬರುವುದು ಗುಡಿಯ ಪೂಜಾವಿಧಿ ಹೇಳುವ ಶಾಸ್ತ್ರವಾದ ಆಗಮದ ಕಡೆಯಿಂದ. ಆಗಮ ಪದ್ಧತಿಯ ಗುಡಿಯಲ್ಲಿ ನೇಮಕ ಆ ಆಗಮದಂತೆ ಇರಬಹುದು, ಆದರೆ ಸಂವಿಧಾನಕ್ಕೆ ವಿರುದ್ಧ ಇರಬಾರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಗ್ರಾಮದೇವತೆಯ ಗುಡಿಗಳಲ್ಲಿ ಈ ತೊಡಕು ಕಡಿಮೆ. ಮದುರೆ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಅಮ್ಮನ ಗುಡಿಯಲ್ಲಿ ತಂದೆಯ ಜಾಗದಲ್ಲಿ ಪೂಜೆ ಮಾಡುತ್ತಿದ್ದ ಮಗಳನ್ನು ಊರವರು ತಡೆದಾಗ 2008ರಲ್ಲಿ ಮದ್ರಾಸ್ ಹೈಕೋರ್ಟ್ ಆಕೆಯ ಪರ ನಿಂತಿತು. ಪಂಢರಪುರದ ವಿಠ್ಠಲ ಮಂದಿರದಲ್ಲಿ 2014ರಿಂದ ಹೆಂಗಸರಿಗೂ ಪೂಜೆಯ ಅವಕಾಶ ಸಿಕ್ಕಿದೆ. ಮನೆತನದ ಪೂಜೆಯ ಸರದಿ ನಿಮ್ಮ ತಂದೆಯ ಹೆಸರಿನಲ್ಲಿದ್ದರೆ, ಅವರು ಇರುವಾಗಲೇ ಅವರಿಗೆ ಕೈನೆರವಾಗಿ ಪೂಜೆ ಮಾಡಲು ಶುರು ಮಾಡಿ, ದಿನಚರಿ ಇಡಿ, ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕು ಹಣದ ದಾಖಲೆಯಲ್ಲಿ ನಿಮ್ಮ ಹೆಸರು ಸೇರಿಸಲು ತಂದೆಯವರ ಸಹಿಯೊಡನೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅವರು ತೀರಿಕೊಂಡ ಮೇಲೆ ಕೇಳಿದರೆ ಚಿಕ್ಕಪ್ಪನ ಮಗ ಮೊದಲು ಅರ್ಜಿ ಹಾಕಿರುತ್ತಾನೆ.