ಸೈಟ್ ನೋಡೋಕೆ ಹೋದಾಗ ಗಾಳಿನೂ ನೋಡ್ರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗಾಳಿದೇ. ಬೇಸಿಗೆ ನೋಡ್ರಿ, ಕಿಟಕಿ ತೆಗೆದ್ರೆ ಧೂಳು, ಹಾಕ್ಕೊಂಡ್ರೆ ಸೆಖೆ. ಐದು ಪ್ರಶ್ನೆ ಆರಿಸ್ಕೊಂಡಿದೀನಿ, ಉಳಿದೋರು ಬೇಜಾರು ಮಾಡ್ಕೋಬೇಡ್ರಿ.

ಪ್ರಶ್ನೆ: ಮೇಡಂ, ದಾವಣಗೆರೆ ಬೈಪಾಸ್ ಹತ್ರ ನಮ್ಮ ತಂದೆ ಕಾಲದ ಮುಕ್ಕಾಲು ಎಕರೆ ಇದೆ, ಅಲಿನೇಷನ್ ಆಗಿದೆ, ಅಣ್ತಮ್ಮಂದಿರು ಸೇರಿ 40 ಫ್ಲಾಟ್ ಕಟ್ಸೋಣ ಅಂತಿದೀವಿ. ಇಂಜಿನಿಯರ್ ಗಾಳಿ ರಿಪೋರ್ಟ್ ಬೇಡ ಅಂತಾರೆ, ಬೆಂಗಳೂರಲ್ಲಿರೋ ನಮ್ಮ ಭಾವ ಅದಿಲ್ದೆ ಪ್ಲಾನೇ ಪಾಸಾಗಲ್ಲ ಅಂತಾರೆ. ಯಾರ ಮಾತು ಕೇಳೋದು?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕಾಯ್ದೆ ಪ್ರಕಾರ ನಿಮ್ಮ ಇಂಜಿನಿಯರ್ ಹೇಳಿದ್ದೇ ಸರಿ. 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆ ಪ್ರಕಾರ ಕಟ್ಟಡಕ್ಕೆ ಪರಿಸರ ಅನುಮತಿ (ಗಾಳಿ ರಿಪೋರ್ಟ್ ಕೇಳೋದು ಇದಕ್ಕೇ) ಬೇಕಾಗೋದು 20,000 ಚದರ ಮೀಟರ್ ಮೇಲ್ಪಟ್ಟು ಕಟ್ಟಿದ್ರೆ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 2.15 ಲಕ್ಷ ಚದರಡಿ. ನಿಮ್ಮ 40 ಫ್ಲಾಟು, ಮೆಟ್ಟಿಲು, ಪಾರ್ಕಿಂಗು ಎಲ್ಲ ಸೇರಿಸಿದ್ರೂ ಅದರ ಅರ್ಧ ಆಗೋದು ಡೌಟು. ಆದ್ರೆ ಒಂದು ವಿಷ್ಯ, ಇಲ್ಲಿ ಬಿಲ್ಟಪ್ ಏರಿಯಾ ಅಂದ್ರೆ ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ) ಲೆಕ್ಕ ಅಲ್ಲ, ಬೇಸ್‌ಮೆಂಟು, ಸರ್ವಿಸ್ ಜಾಗ ಎಲ್ಲ ಸೇರುತ್ತೆ. ಇದು ಗೊತ್ತಿಲ್ದೆ ಸಿಕ್ಹಾಕ್ಕೊಂಡೋರೂ ಇದಾರೆ, ಗೊತ್ತಿದ್ದೂ 19,900ಕ್ಕೆ ಸರಿಯಾಗಿ ನಿಂತ ಪ್ಲಾನ್‌ಗಳನ್ನೂ ನಾನು ನೋಡಿದೀನಿ, ನೂರು ಮೀಟರ್ ಎಲ್ಲಿ ಹೋಯ್ತು ಅಂತ ಕೇಳಿದ್ರೆ ನಗ್ತಾರೆ.

ರಿಪೋರ್ಟ್ ಬೇಡ ಅಂದ್ರೆ ರೂಲ್ಸೇ ಇಲ್ಲ ಅಂತಲ್ಲ. ದೇಶದಲ್ಲಿ ಧೂಳಿನ ಮಿತಿ ಮೀರಿದ ಊರುಗಳ ಪಟ್ಟಿ ಇದೆಯಲ್ಲ, 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ್ದು, ಅದರಲ್ಲಿ ಕರ್ನಾಟಕದ್ದು ನಾಲ್ಕೇ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಮ್ಮ ದಾವಣಗೆರೆ. ಬೆಣ್ಣೆದೋಸೆಗೆ ಹೆಸರಾದ ಊರು ಈ ಪಟ್ಟಿಗೂ ಸೇರ್ಕೊಂಡಿದೆ, ಏನ್ಮಾಡೋದು. ಹಂಗಾಗಿ 2018ರ ಜನವರಿಯಲ್ಲಿ ಬಂದ ಧೂಳು ನಿಯಂತ್ರಣದ ನಿಯಮ ಇಲ್ಲಿ ಚಿಕ್ಕ ಕಟ್ಟಡಕ್ಕೂ ಬೀಳುತ್ತೆ. ಟೈಲ್ಸು ಗ್ರಾನೈಟು ಬಯಲಲ್ಲಿ ಕಟ್ ಮಾಡಂಗಿಲ್ಲ, ಜಲ್ಲಿ ಎಂಸ್ಯಾಂಡ್ ರೋಡಿಗೆ ಸುರಿಯಂಗಿಲ್ಲ, ಲೋಡ್ ಮೇಲೆ ಟಾರ್ಪಲ್ ಇಲ್ದೆ ಟ್ರಾಕ್ಟರ್ ಓಡಿಸಂಗಿಲ್ಲ. ಪರಿಸರ ಅನುಮತಿ ಬೇಕಾದ ದೊಡ್ಡ ಕಟ್ಟಡ ಆದ್ರೆ ಇನ್ನೂ ಇದೆ, ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ ಗಾಳಿ ತಡೆ ಕಟ್ಬೇಕು (10 ಮೀಟರ್‌ವರೆಗೆ ಸಾಕು), ನೀರು ಹೊಡೀಬೇಕು, ಮಾಡ್ತಿರೋದನ್ನ ಸೈಟ್ ಮುಂದೆ ಬೋರ್ಡ್ ಹಾಕ್ಬೇಕು.

ಇನ್ನು ಕಾಯ್ದೆ ಬಿಟ್ಟು ಒಂದು ಮಾತು. ಹೈವೇ ಹೊಗೆ ಮೊದಲ ನೂರಿನ್ನೂರು ಮೀಟರಲ್ಲೇ ಜಾಸ್ತಿ ಇರೋದು, ಆಮೇಲೆ ಜೋರಾಗಿ ಇಳಿದುಬಿಡುತ್ತೆ. ಜಾಗ ಹಿಂದಕ್ಕೆ ತಳ್ಳೋಕಾಗಲ್ಲ, ರೂಮು ತಳ್ಳಬಹುದಲ್ಲ. ಮೆಟ್ಟಿಲು, ಲಿಫ್ಟು, ಪಾರ್ಕಿಂಗು, ಬಾತ್‌ರೂಮು ರೋಡ್ ಕಡೆಗಿಟ್ಟು ಬೆಡ್‌ರೂಮು ಒಳಗಡೆ ಮುಖ ಮಾಡಿ ಇಡ್ಸಿ. ಬಾಲ್ಕನಿಯಿಂದ ಹೈವೇ ವ್ಯೂ ಸಿಗುತ್ತೆ ಅಂತ ಬ್ರೋಷರಲ್ಲಿ ಹಾಕೋಕೆ ಚೆಂದ ಕಾಣುತ್ತೆ, ಅಲ್ಲಿ ಬಟ್ಟೆ ಒಣಗಹಾಕೋರನ್ನ ಕೇಳಿ ನೋಡ್ರಿ.

ಪ್ರಶ್ನೆ: ಅಕ್ಕಾ, ಚಿತ್ರದುರ್ಗದಿಂದ ಬರೀತಿದೀನಿ. ಅದಿರು ಲಾರಿ ಓಡಾಡೋ ರಸ್ತೆ ಪಕ್ಕ ಒಂದು 30-40 ಸೈಟ್ ಕಮ್ಮಿಗೆ ಬಂದಿದೆ. ಫೋನಲ್ಲಿ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) 60 ತೋರಿಸ್ತಿದೆ, ಹಸಿರು ಬಣ್ಣನೂ ಇದೆ. ನಮ್ಮೆಜಮಾನ್ರು ತಗೊಂಡುಬಿಡೋಣ ಅಂತಾರೆ.

ಉತ್ತರ: ತಂಗಿ, ಆ 60 ನಿಮ್ಮ ಸೈಟಿನ ನಂಬರ್ ಅಲ್ಲ. ಎಲ್ಲೋ ಊರೊಳಗಿನ ಒಂದು ಮೆಷಿನ್ನಿಂದಲೋ, ಇಲ್ಲ ಸ್ಯಾಟಲೈಟ್ ಹಿಡಿದು ಕಂಪ್ಯೂಟರ್ ಲೆಕ್ಕ ಹಾಕಿದ್ರಿಂದಲೋ ಬಂದಿರುತ್ತೆ. ಮತ್ತೆ ಎಕ್ಯೂಐ ಅಂದ್ರೆ ಧೂಳಿನ ಪ್ರಮಾಣನೂ ಅಲ್ಲ, ನಮ್ಮ ದೇಶದ ಎಕ್ಯೂಐ ಲೆಕ್ಕದಲ್ಲಿ 100 ಅಂದ್ರೆ ಪಿಎಂ 2.5 (ತೀರಾ ಸಣ್ಣ ಧೂಳು) ಆದ್ರೆ 60 ಮೈಕ್ರೋಗ್ರಾಂ, ಪಿಎಂ 10 (ಅದಕ್ಕಿಂತ ಸ್ವಲ್ಪ ದಪ್ಪ ಧೂಳೂ ಸೇರಿದ್ದು) ಆದ್ರೆ 100 ಮೈಕ್ರೋಗ್ರಾಂ, ಒಂದು ಘನ ಮೀಟರ್ ಗಾಳಿಗೆ, 24 ಗಂಟೆ ಸರಾಸರಿ. ಎಷ್ಟು ಜನ ಈ ಎರಡನ್ನ ಕಲಸಿಬಿಡ್ತಾರೆ ಗೊತ್ತಾ, ರಿಪೋರ್ಟ್ ಬರೆಯೋರೇ ಕಲಸಿದ್ದು ನೋಡಿದೀನಿ.

ಫೋನ್ ಜೇಬಿಗಿಟ್ಟು ಸೈಟಿಗೆ ಎರಡು ಸಲ ಹೋಗಿ ಬನ್ನಿ, ಬೆಳಗ್ಗೆ ಆರೂವರೆಗೆ ಒಂದ್ಸಲ, ಲಾರಿ ಓಡೋ ಹೊತ್ತಲ್ಲಿ ಒಂದ್ಸಲ. ರಸ್ತೆಯಿಂದ ಸೈಟ್‌ವರೆಗೆ ನಡ್ಕೊಂಡು ಬರ್ತಾ ಗಿಡ ನೋಡ್ರಿ. ತೆಂಗಿನ ಗರಿ, ಬೇವಿನ ಎಲೆ, ಯಾರದೋ ಮನೆ ಮುಂದಿನ ತುಳಸಿ. ಎಲೆ ಮೇಲೆ ಬೆರಳಾಡಿಸಿದ್ರೆ ಕೆಂಪಗೆ ಹತ್ತುತ್ತಾ, ಎಲ್ಲಿಗೆ ನಿಂತುಹೋಗುತ್ತೆ, ನೋಡ್ಕೊಳ್ಳಿ. ಮಳೆ ಬಂದು ವಾರ ಕಳೆದ ಮೇಲೆ ಹೋದ್ರೆ ಲೆಕ್ಕ ಸರಿ ಸಿಗುತ್ತೆ, ಮಳೆ ಮಾರನೇ ದಿನ ಹೋದ್ರೆ ಎಲ್ಲಾ ಎಲೆನೂ ಕ್ಲೀನೇ. ಕಣ್ಣಿಗೆ ಕಾಣೋ ಧೂಳೇ ಶ್ವಾಸಕೋಶದ ಆಳಕ್ಕೆ ಹೋಗುತ್ತೆ ಅಂತಲ್ಲ, ಒಳಗೆ ಹೋಗೋದು ಕಾಣದಿರೋದು. ಆದ್ರೆ ಒಣ ರಸ್ತೆ ಮೇಲೆ ಲಾರಿ ಚಕ್ರ ಎಬ್ಬಿಸೋ ಧೂಳಲ್ಲಿ ಎರಡೂ ಇರುತ್ತೆ.

ಗಾಳಿ ದಿಕ್ಕು ನೋಡ್ಕೊಳ್ಳಿ. ದುರ್ಗದೋರಿಗೆ ಗಾಳಿ ಬಗ್ಗೆ ನಾನು ಹೇಳ್ಕೊಡ್ಬೇಕಾ, ಜೋಗಿಮಟ್ಟಿ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ, ಆಗ ನೆಲ ಒದ್ದೆ ಇರೋದ್ರಿಂದ ತೊಂದ್ರೆ ಕಮ್ಮಿ. ನವೆಂಬರ್‌ನಿಂದ ಜನವರಿ ಪೂರ್ವ, ಈಶಾನ್ಯದಿಂದ ಬೀಸುತ್ತೆ, ನೆಲ ಒಣಗಿರುತ್ತೆ. ಅಂದ್ರೆ ಧೂಳಿನ ರಸ್ತೆ ಸೈಟಿನ ಪೂರ್ವಕ್ಕಿದ್ರೆ ಚಳಿಗಾಲ ಪೂರ್ತಿ ನಿಮ್ಮನೆಗೇ ಬರುತ್ತೆ. ಪಶ್ಚಿಮಕ್ಕಿದ್ರೆ ಸ್ವಲ್ಪ ವಾಸಿ. ವಾಸ್ತು ನೋಡೋರು ದಿಕ್ಕು ಹೆಂಗೂ ಕೇಳೇ ಕೇಳ್ತಾರೆ, ಇದನ್ನೂ ಒಂದು ಕೇಳ್ಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಹಿಂದಿನ ಹೊಲದಲ್ಲಿ ಭಾರಿ ದೊಡ್ಡ ಟೌನ್‌ಶಿಪ್ ಬರ್ತಿದೆ. ಪರಿಸರ ವರದಿ ಪ್ರತಿ ಸಿಕ್ತು, ಗಾಳಿ ಅಧ್ಯಾಯದಲ್ಲಿ 'ಎಲ್ಲಾ ಮಿತಿಯೊಳಗಿದೆ' ಅಂತ ಬರ್ದಿದಾರೆ. ನಾವು ಓದ್ದೋರಲ್ಲ, ಏನು ನೋಡ್ಬೇಕು ಅದರಲ್ಲಿ?
— ಓದುಗರು, ಹದಡಿ ರಸ್ತೆ, ದಾವಣಗೆರೆ

ಉತ್ತರ: ಓದ್ದೋರಲ್ಲ ಅಂತ ಹೇಳ್ಕೊಂಡು ವರದಿ ಪ್ರತಿ ತರಿಸಿದೀರಲ್ಲ, ಓದ್ದೋರು ಅದನ್ನೂ ಮಾಡಲ್ಲ. 50 ಹೆಕ್ಟೇರ್ ಜಾಗ ಅಥವಾ 1,50,000 ಚದರ ಮೀಟರ್ ಕಟ್ಟಡ ಮೇಲ್ಪಟ್ಟ ಟೌನ್‌ಶಿಪ್ಪಿಗೆ ಪೂರ್ತಿ ಪರಿಸರ ವರದಿ ಬೇಕು. ಆದ್ರೆ ಗಣಿಗೆ ಫ್ಯಾಕ್ಟರಿಗೆ ಮಾಡ್ದಂಗೆ ಶಾಮಿಯಾನ ಹಾಕಿ ಜನರ ಅಹವಾಲು ಕೇಳೋ ಸಭೆ ಕಟ್ಟಡಗಳಿಗಿಲ್ಲ, ವಿನಾಯ್ತಿ ಕೊಟ್ಟಿದಾರೆ. ಹಂಗಾಗಿ ಕಾಗದ ಓದೋದೇ ದಾರಿ.

ಮೊದ್ಲು ತಿಂಗಳು ನೋಡ್ರಿ. ಗಾಳಿ ಅಳೆಯೋದು ಮಳೆಗಾಲ ಬಿಟ್ಟು ಒಂದು ಸೀಸನ್, ಮೂರು ತಿಂಗಳು. ಜುಲೈಲಿ ಅಳೆದಿದ್ರೆ ಅದು ಮಳೆ ತೊಳೆದ ಗಾಳಿ. ಆಮೇಲೆ ಮ್ಯಾಪಲ್ಲಿ ಮೆಷಿನ್ ಎಲ್ಲಿಟ್ಟಿದ್ರು ನೋಡ್ರಿ. ಗಾಳಿ ನಾಲ್ಕರಲ್ಲಿ ಮೂರು ದಿಕ್ಕಿಂದಾದ್ರೂ ಅಡ್ಡಿ ಇಲ್ದೆ ಬರ್ಬೇಕು, ನೆಲದಿಂದ 3ರಿಂದ 10 ಮೀಟರ್ ಎತ್ತರ ಇರ್ಬೇಕು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಕಡೆ ಹೋದಾಗ, ಊರು ಹೆಸರು ಬೇಡ, ಮೆಷಿನ್ನನ್ನ ತಾರಸಿ ಮೇಲೆ ಸಿಂಟೆಕ್ಸ್ ಟ್ಯಾಂಕ್ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ರು. ಯಾಕಪ್ಪಾ ಅಂದ್ರೆ ಹುಡುಗ ಹೇಳ್ದ, 'ಮೇಡಂ ಪ್ಲಗ್ ಪಾಯಿಂಟ್ ಇಲ್ಲೇ ಇರೋದು.' ಆ ಪ್ಲಗ್ ಪಾಯಿಂಟಿಂದ ಬಂದ ನಂಬರು ಮುಂದೆ ಬೈಂಡ್ ಆಗಿ, ಸೀಲ್ ಬಿದ್ದು, ದಪ್ಪ ಪುಸ್ತಕದ 140ನೇ ಪುಟಕ್ಕೆ ಹೋಗಿರುತ್ತೆ.

ಈ ನಂಬರ್ ಎಷ್ಟು ನಾಜೂಕು ಅಂತ ತಿಳಿದ್ರೆ ನಿಮಗೇ ಆಶ್ಚರ್ಯ ಆಗುತ್ತೆ. ಪಿಎಂ 10 ಅಳೆಯೋ ಮೆಷಿನ್ನು ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಇದ್ದಂಗೆ, ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳ್ಕೊಂಡು ಬಿಳಿ ಫಿಲ್ಟರ್ ಪೇಪರ್ ಮೂಲಕ ಬಿಡುತ್ತೆ, 8 ಗಂಟೆಗೊಂದು ಪೇಪರ್ ಬದಲಾಯ್ಸಿ ದಿನಕ್ಕೆ ಮೂರು. ಹಾಕೋಕೆ ಮುಂಚೆ ಒಮ್ಮೆ ತೂಕ, ತೆಗೆದ ಮೇಲೆ ಒಮ್ಮೆ. 24 ಗಂಟೆಗೆ 1,584 ಘನ ಮೀಟರ್ ಗಾಳಿ ಹೋಗುತ್ತೆ, ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಗುಣಿಸಿ ನೋಡ್ರಿ, ಮೂರೂ ಪೇಪರ್ ಸೇರಿ ಧೂಳು 0.158 ಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಮ್ಮಿ. ಪೇಪರ್ ಸರಿಯಾಗಿ ಒಣಗಿಸ್ದೆ ತೂಗಿದ್ರೆ, ಅಂಚು ಒಂಚೂರು ಹರಿದು ಅಂಟ್ಕೊಂಡು ಉಳಿದ್ರೆ, ನಡುವೆ ಎರಡು ಗಂಟೆ ಕರೆಂಟ್ ಹೋಗಿದ್ದನ್ನ ಬರ್ಕೊಳ್ದಿದ್ರೆ ಲೆಕ್ಕ ಅತ್ಲಾಗಿ ಇತ್ಲಾಗಿ ಆಗಿಬಿಡುತ್ತೆ. ಹಂಗಾಗಿ ಸರಾಸರಿ ಒಂದನ್ನೇ ಕೊಟ್ಟಿದ್ರೆ ಒಪ್ಕೋಬೇಡ್ರಿ, ದಿನದಿನದ ಲೆಕ್ಕ ಅನುಬಂಧದಲ್ಲಿರ್ಬೇಕು. ಮೂರು ತಿಂಗಳೂ 62, 63, 61, 62 ಅಂತ ಒಂದೇ ಸಮ ಇದ್ರೆ ಅನುಮಾನ ಪಡ್ರಿ, ನಿಜವಾದ ಗಾಳಿ ಹಂಗೆ ಶಿಸ್ತಾಗಿರಲ್ಲ. ಭತ್ತ ಕೊಯ್ಲಾದ ಮೇಲೆ ಭದ್ರಾ ನಾಲೆ ಕಡೆ ಕೂಳೆಗೆ ಬೆಂಕಿ ಇಟ್ಟ ದಿನ ಒಂದು, ಗಾಳಿ ಬೀಸಿದ ದಿನ ಇನ್ನೊಂದು.

ಕೊನೇಗೆ ಮೂಲಗಳ ಪಟ್ಟಿ. ಸುತ್ತಮುತ್ತ ಮಂಡಕ್ಕಿ ಭಟ್ಟಿ, ರೈಸ್ ಮಿಲ್, ಇಟ್ಟಿಗೆ ಗೂಡು ಇದ್ರೆ ವರದಿಯಲ್ಲಿ ಹೆಸರು ಬಂದಿರ್ಬೇಕು. ಮಂಡಕ್ಕಿ ಮಿರ್ಚಿ ನನಗೂ ಇಷ್ಟನೇ, ಆದ್ರೆ ಭಟ್ಟಿಲಿ ಹೊಟ್ಟಿನ ಜೊತೆ ಕೆಲವು ಸಲ ಕೈಗೆ ಸಿಕ್ಕಿದ್ದೆಲ್ಲ ಉರಿಯುತ್ತೆ, ಚಳಿಗಾಲದ ಬೆಳಗ್ಗೆ ಆ ಹೊಗೆ ಮೇಲಕ್ಕೆ ಏಳಲ್ಲ, ಕಂಬಳಿ ಹೊದ್ಕೊಂಡಂಗೆ ನೆಲದ ಮೇಲೇ ಮಲಗಿರುತ್ತೆ. ಇದೊಂದೂ ಇಲ್ದೆ 'ಪ್ರದೇಶವು ಕೃಷಿ ಭೂಮಿಯಿಂದ ಕೂಡಿದೆ' ಅಂತ ಬರ್ದಿದ್ರೆ ಬೇರೆ ಯಾವ್ದೋ ಊರಿನ ವರದಿಯಿಂದ ಎತ್ತಿರ್ಬಹುದು. ನಿಮ್ಮ ಆಕ್ಷೇಪಣೆನ ಪುಟ ಸಂಖ್ಯೆ ಹಾಕಿ ರಾಜ್ಯ ಪರಿಸರ ಪ್ರಾಧಿಕಾರಕ್ಕೆ ಬರೀರಿ. 'ನಮಗೆ ಧೂಳಾಗುತ್ತೆ' ಅಂತ ಬರೆದ್ರೆ ಫೈಲಿಗೆ ಸೇರುತ್ತೆ ಅಷ್ಟೇ, 'ಇಂತಾ ಪುಟದಲ್ಲಿ ಭಟ್ಟಿ ಬಿಟ್ಟಿದಾರೆ' ಅಂದ್ರೆ ಉತ್ತರ ಕೊಡ್ಲೇಬೇಕಾಗುತ್ತೆ.

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಲ್ಲಿ ಆರ್ಕಿಟೆಕ್ಟ್. ಅಲ್ಲಿ ಮನೆ ಕಟ್ಟೋ ಅರ್ಜಿ ಜೊತೆ ಗಾಳಿ ಪರೀಕ್ಷೆ ವರದಿ ಕೊಡ್ಬೇಕಂತೆ, ಸಣ್ಣ ಸಣ್ಣದಕ್ಕೂ. ನಿಜನಾ?

ಉತ್ತರ: ಎಲ್ಲಾ ಮನೆಗಲ್ಲ, ಜಾಗ ನೋಡ್ಕೊಂಡು ಕೇಳ್ತಾರೆ. 1995ರ ಅವರ ಪರಿಸರ ಕಾಯ್ದೆ ಪ್ರಕಾರ ಅಲ್ಲಿನ ಕೌನ್ಸಿಲ್‌ಗಳು, ಅಂದ್ರೆ ನಮ್ಮ ಪಾಲಿಕೆ ಇದ್ದಂಗೆ, ತಮ್ಮೂರ ಗಾಳಿ ತಾವೇ ನೋಡ್ಕೊಂಡು, ಮಿತಿ ಮೀರಿದ ಬೀದಿಗಳನ್ನ ಗುರುತು ಮಾಡಿ ಘೋಷಣೆ ಮಾಡ್ಬೇಕು. ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳನ್ನ ಲೈಟ್ ಕಂಬಕ್ಕೆ ಕಟ್ಟಿ ತಿಂಗಳಿಗೊಂದ್ಸಲ ಬಿಚ್ಚಿ ಲ್ಯಾಬಿಗೆ ಕಳಿಸ್ತಾರೆ, ಅಷ್ಟು ಸರಳ. ಅದು ಅಳೆಯೋ ನೈಟ್ರೋಜನ್ ಡೈಆಕ್ಸೈಡಿಗೆ (ವಾಹನದ ಹೊಗೆಲಿ ಬರೋ ಅನಿಲ) ಅವರ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ, ನಮ್ಮ ದೇಶದ 2009ರ ಗಾಳಿ ಮಿತಿಗಳ ಪಟ್ಟಿಯಲ್ಲೂ 40ನೇ. ನಂಬರಲ್ಲಿ ವ್ಯತ್ಯಾಸ ಇಲ್ಲ, ಪ್ರಶ್ನೆಯಲ್ಲಿದೆ. ಅಲ್ಲಿ ವರದಿ ಎರಡು ಕಡೆಯಿಂದ ಕೇಳುತ್ತೆ: ಈ ಕಟ್ಟಡ ಗಾಳಿಗೆ ಏನು ಮಾಡುತ್ತೆ, ಈ ಗಾಳಿ ಒಳಗಿರೋರಿಗೆ ಏನು ಮಾಡುತ್ತೆ. ನಮ್ಮ ವರದಿಗಳು ಮೊದಲನೇದ್ರಲ್ಲೇ ಮುಗಿದುಹೋಗ್ತವೆ. ಈ ಎರಡನೇ ಪ್ರಶ್ನೆ ಯಾರಾದ್ರೂ ಕೇಳಿದ್ರೆ ಬೈಪಾಸ್ ಪಕ್ಕದ ಫ್ಲಾಟು, ಅದಿರು ರಸ್ತೆ ಪಕ್ಕದ ಸೈಟು, ಮೇಲಿನ ಎರಡು ಪತ್ರಾನೂ ನನಗೆ ಬರ್ತಿರ್ಲಿಲ್ಲ.

ಪ್ರಶ್ನೆ: ಪಕ್ಕದ ಅಪಾರ್ಟ್‌ಮೆಂಟ್ ಜನರೇಟರ್ ಹೊಗೆ ಕೊಳವೆ ನಮ್ಮ ಮಹಡಿ ಬೆಡ್‌ರೂಮ್ ಕಿಟಕಿಗೆ ನೇರ ಇದೆ. ಕರೆಂಟ್ ಹೋದ್ರೆ ನಾವು ಕೆಮ್ಮೋಕೆ ಶುರು ಮಾಡ್ತೀವಿ.
— ಓದುಗರು, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಇದಕ್ಕೆ ಫಾರ್ಮುಲಾನೇ ಇದೆ. ಜನರೇಟರ್ ಇರೋ ಕಟ್ಟಡದ ಎತ್ತರಕ್ಕೆ, ಕೆವಿಎ (ಜನರೇಟರಿನ ಸಾಮರ್ಥ್ಯ) ವರ್ಗಮೂಲದ 0.2 ಪಟ್ಟು ಮೀಟರ್ ಸೇರಿಸ್ಬೇಕು, ಕೊಳವೆ ಅಲ್ಲಿವರೆಗೆ ಹೋಗ್ಬೇಕು. 100 ಕೆವಿಎ ಆದ್ರೆ ವರ್ಗಮೂಲ 10, ಅಂದ್ರೆ ತಾರಸಿ ಮೇಲೆ ಇನ್ನೂ 2 ಮೀಟರ್. ಜನರೇಟರ್ ಮೇಲಿನ ಪ್ಲೇಟಲ್ಲಿ ಕೆವಿಎ ಬರ್ದಿರುತ್ತೆ, ಫೋಟೋ ತಕ್ಕೊಂಡು, ಕೊಳವೆ ಎಲ್ಲಿ ನಿಂತಿದೆ ಅನ್ನೋ ಫೋಟೋನೂ ಸೇರಿಸಿ ಮೊದ್ಲು ಅಸೋಸಿಯೇಷನ್‌ನೋರಿಗೆ ಕೊಡಿ, ಅವರು ಸುಮ್ನಿದ್ರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಕೊಡಿ. ಪೈಪು, ಕ್ಲಾಂಪು, ವೆಲ್ಡರ್ ಕೂಲಿ, ಎರಡು ದಿನದ ಕೆಲಸ. ಅಲ್ಲಿವರೆಗೆ ಕರೆಂಟ್ ಹೋದ ಕೂಡ್ಲೇ ಆ ಕಡೆ ಕಿಟಕಿ ಹಾಕ್ಕೊಂಡು ಈ ಕಡೆದು ತೆಗೀರಿ.