ಮಗನಿಗೆ ಇಟಿಯಾಸ್ ಬೇಕು, ಅಪ್ಪ-ಅಮ್ಮನಿಗೆ ಬೇಡ

ಪ್ರಶ್ನೆ: ನಾನು ದಾವಣಗೆರೆಯ ನಿವೃತ್ತ ಮೇಷ್ಟ್ರು. ಮಗ ಅಮೆರಿಕದ ಪೌರತ್ವ ತೆಗೆದುಕೊಂಡಿದ್ದಾನೆ, ಮೊಮ್ಮಕ್ಕಳು ಅಲ್ಲೇ ಹುಟ್ಟಿದವರು. ಎಲ್ಲರೂ ಪ್ಯಾರಿಸ್‌ನಲ್ಲಿ ಸೇರಿ, ಅಲ್ಲಿಂದ ಸ್ವಿಟ್ಜರ್ಲೆಂಡ್ ನೋಡಿ ಬರೋಣ ಎನ್ನುತ್ತಾನೆ. ಇಲ್ಲಿ ಏಜೆಂಟರೊಬ್ಬರು ‘ಯುರೋಪಿಗೆ ಇಟಿಯಾಸ್ ಅಂತ ಹೊಸ ರೂಲ್ಸ್ ಬಂದಿದೆ, ಈಗಲೇ ಮಾಡಿಸಿಬಿಡಿ, ಇಬ್ಬರಿಗೆ ಹನ್ನೆರಡು ಸಾವಿರ’ ಎಂದು ದಿನಾ ಫೋನ್ ಮಾಡುತ್ತಿದ್ದಾರೆ. ಕೊಡಲಾ?

ಉತ್ತರ: ಕೊಡಬೇಡಿ ಮೇಷ್ಟ್ರೇ. ನಿಮಗೂ ನಿಮ್ಮ ಮನೆಯವರಿಗೂ ಇಟಿಯಾಸ್ ಬೇಕಾಗಿಯೇ ಇಲ್ಲ.

ಇಟಿಯಾಸ್ ಅಂದರೆ ವೀಸಾ ಇಲ್ಲದೆ ಯುರೋಪಿಗೆ ಹೋಗಬಹುದಾದ ದೇಶಗಳ ಜನರಿಗೆ ಇಟ್ಟಿರುವ ಮುಂಗಡ ಅನುಮತಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಹೀಗೆ 59 ದೇಶ-ಪ್ರದೇಶಗಳವರು ಇಷ್ಟು ದಿನ ಟಿಕೆಟ್ ತೆಗೆದುಕೊಂಡು ಸೀದಾ ಹೋಗಿ ಇಳಿಯುತ್ತಿದ್ದರು. ವಿಮಾನ ಹತ್ತುವ ಮುಂಚೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇನ್ನು ಮುಂದೆ ಅವರೂ ಮೊದಲು ಒಂದು ಅರ್ಜಿ ಹಾಕಿ ‘ಹೂಂ’ ಅನ್ನಿಸಿಕೊಳ್ಳಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ನಾವು ವೀಸಾಕ್ಕೆಂದು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹಿಡಿದು ಹತ್ತು ಬೆರಳಿನ ಗುರುತಿನವರೆಗೆ ಎಲ್ಲ ಕೊಟ್ಟಿರುತ್ತೇವಲ್ಲ, ಆಮೇಲೆ ಇನ್ನೊಂದು ಅನುಮತಿ ಯಾಕೆ? ವೀಸಾ ಇದ್ದವರಿಗೆ ಇಟಿಯಾಸ್ ಇಲ್ಲ, ಅಷ್ಟೇ.

ಮನೆಯಲ್ಲಿ ಎರಡು ದೇಶದ ಪಾಸ್‌ಪೋರ್ಟ್ ಇದ್ದಾಗಲೇ ಈ ಗೊಂದಲ ಜಾಸ್ತಿ. ಬಣ್ಣ ನೋಡಿ ಹೇಳೋಣ ಅಂದರೆ ನಮ್ಮದೂ ಕಡುನೀಲಿ, ಅಮೆರಿಕದ್ದೂ ಕಡುನೀಲಿ! ರಕ್ಷಾಪುಟದ ಮೇಲೆ ಸಿಂಹವಿದ್ದರೆ ವೀಸಾ, ಹದ್ದಿದ್ದರೆ ಇಟಿಯಾಸ್. ಮಗನ ಹತ್ತಿರ ಒಸಿಐ ಕಾರ್ಡ್ ಇದ್ದರೂ ಇಲ್ಲಿ ಅದರ ಲೆಕ್ಕವಿಲ್ಲ. ಅದು ವಿದೇಶಿ ಪೌರತ್ವ ಪಡೆದ ನಮ್ಮವರು ಭಾರತಕ್ಕೆ ಬಂದು ಇರಲು ಮಾತ್ರ.

ಹಾಗಾಗಿ ಇದು ಮಗನಿಗೆ ಕಳಿಸಬೇಕಾದ ಸುದ್ದಿ. 2026ರ ಕೊನೆಯ ಮೂರು ತಿಂಗಳಲ್ಲಿ ಶುರು ಮಾಡುತ್ತೇವೆ ಎಂದು ಯುರೋಪಿಯನ್ ಒಕ್ಕೂಟ ಹೇಳಿದೆ. ಹಿಂದೆ ಈ ದಿನಾಂಕ ಎಷ್ಟೋ ಸಲ ಮುಂದಕ್ಕೆ ಹೋಗಿದೆ, ಅದು ಬೇರೆ ಮಾತು. ಶುಲ್ಕ 7 ಯೂರೋ ಎಂದಿದ್ದರು, ಈಗ 20 ಯೂರೋ. ಒಮ್ಮೆ ಸಿಕ್ಕರೆ ಮೂರು ವರ್ಷ ಚಾಲ್ತಿ, ಆದರೆ ಅಷ್ಟರೊಳಗೆ ಪಾಸ್‌ಪೋರ್ಟ್ ಮುಗಿದರೆ ಅದೂ ಮುಗಿಯಿತು. 18ರೊಳಗಿನ ಮಕ್ಕಳಿಗೆ, 70 ದಾಟಿದವರಿಗೆ ಶುಲ್ಕವಿಲ್ಲ. ಅರ್ಜಿ ಮಾತ್ರ ಒಬ್ಬೊಬ್ಬರಿಗೂ ಬೇರೆಯೇ ಹಾಕಬೇಕು, ಕಂಕುಳ ಕೂಸಿಗೂ. ಬಹುತೇಕ ಅರ್ಜಿಗಳಿಗೆ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದಂತೆ. ಆದರೆ ಹೆಚ್ಚಿನ ದಾಖಲೆ ಕೇಳಿದರೆ 14 ದಿನ, ಸಂದರ್ಶನಕ್ಕೆ ಕರೆದರೆ 30 ದಿನದವರೆಗೂ ಹೋಗಬಹುದು. ಶುರುವಾದ ಮೊದಲ ಆರು ತಿಂಗಳಾದರೂ ಇಟಿಯಾಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸುವುದಿಲ್ಲ. ಅದನ್ನೇ ನಂಬಿ ಕೂರುವುದು ನನ್ನ ಪ್ರಕಾರ ಜಾಣತನವಲ್ಲ.

ಅರ್ಜಿ ಹಾಕುವ ಅಧಿಕೃತ ಜಾಲತಾಣ ಒಂದೇ, ಅದರ ವಿಳಾಸದಲ್ಲಿ ‘ಯುರೋಪಾ ಡಾಟ್ ಇಯು’ ಎಂದಿರುತ್ತದೆ. ನಕ್ಷತ್ರದ ಬಾವುಟ ಹಾಕಿಕೊಂಡ ನಕಲಿಗಳು ಬೇಕಾದಷ್ಟಿವೆ. ವ್ಯವಸ್ಥೆ ಶುರುವಾಗುವ ಮೊದಲೇ ದುಡ್ಡು ಕೇಳುವವರನ್ನು ಸುಮ್ನೆ ಕೈಬಿಡಿ.

ನಿಮ್ಮಿಬ್ಬರ ದಾರಿ ಹಳೆಯದೇ: ಯುರೋಪಿನ 29 ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ. ದೊಡ್ಡವರಿಗೆ 90 ಯೂರೋ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಹೊರಡುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಬಿಟ್ಟುಕೊಳ್ಳಬೇಡಿ. ಫ್ರಾನ್ಸಿಗೆ ಹಾಕಬೇಕೋ ಸ್ವಿಟ್ಜರ್ಲೆಂಡಿಗೋ ಎಂದರೆ, ಎಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೆ. ಎರಡೂ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಲಂಡನ್ನಿಗೂ ಹೋಗುವ ಆಸೆಯಿದ್ದರೆ ಅದು ಷೆಂಗೆನ್‌ಗೆ ಸೇರಿಲ್ಲ, ಬೇರೆಯೇ ವೀಸಾ ಬೇಕು.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಭಾರತದ್ದು. ನನಗೆ ಇಟಿಯಾಸ್ ಸಾಕಲ್ವಾ?

ಉತ್ತರ: ಸಾಲದು. ಗ್ರೀನ್ ಕಾರ್ಡ್ ಅಲ್ಲಿ ವಾಸಿಸುವ ಹಕ್ಕು, ಪೌರತ್ವವಲ್ಲ. ನಿಮಗೂ ಷೆಂಗೆನ್ ವೀಸಾನೇ ಬೇಕು.

ಪ್ರಶ್ನೆ: ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆ ಹೋಗುತ್ತಿದ್ದೇನೆ. ಮೂರು ತಿಂಗಳು ಇದ್ದು, ಊರಿಗೆ ಬಂದು ಹದಿನೈದು ದಿನ ಬಿಟ್ಟು ಮತ್ತೆ ಹೋಗಬಹುದಾ?

ಉತ್ತರ: ಆಗುವುದಿಲ್ಲ ಅಮ್ಮ. ಎಷ್ಟೋ ತಾಯಂದಿರು ಎಡವುವುದು ಇಲ್ಲೇ. ಯಾವುದೇ 180 ದಿನದಲ್ಲಿ ಷೆಂಗೆನ್‌ನ 29 ದೇಶ ಸೇರಿ 90 ದಿನ ಮಾತ್ರ ಇರಬಹುದು. ಊರಿಗೆ ಬಂದ ಮಾತ್ರಕ್ಕೆ ಲೆಕ್ಕ ಸೊನ್ನೆಗೆ ಬರುವುದಿಲ್ಲ.

ಬೆರಳು ಮಡಚಿಯೇ ಎಣಿಸೋಣ. 2027ರ ಜನವರಿ 10ಕ್ಕೆ ಇಳಿದಿರಿ ಅನ್ನಿ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಜನವರಿಯಲ್ಲಿ 22, ಫೆಬ್ರವರಿಯಲ್ಲಿ 28, ಮಾರ್ಚಿನಲ್ಲಿ 31, ಅಲ್ಲಿಗೆ 81. ಏಪ್ರಿಲ್ 9ಕ್ಕೆ 90 ತುಂಬಿತು, ಅವತ್ತೇ ಹೊರಡಬೇಕು. ಮತ್ತೆ ಕಾಲಿಡಲು ಸಾಧ್ಯವಾಗುವುದು ಜುಲೈ 9ಕ್ಕೆ. ಅಷ್ಟೊತ್ತಿಗೆ ಮಗು ಬೋರಲು ಬಿದ್ದಿರುತ್ತದೆ.

ಇನ್ನೊಂದು ವಿಷಯ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಎಂದು ಎರಡು ದಿನಾಂಕ ಇರುತ್ತವೆ. ಅಲ್ಲೇ ಪಕ್ಕದಲ್ಲಿ ದಿನಗಳ ಸಂಖ್ಯೆ ಬೇರೆಯೇ ಇರುತ್ತದೆ. ದಿನಾಂಕಗಳ ನಡುವೆ ಆರು ತಿಂಗಳಿದ್ದು, ದಿನ 60 ಎಂದಿದ್ದರೆ ನಿಮಗೆ ಸಿಕ್ಕಿದ್ದು 60 ದಿನವೇ. ಮೊದಲು ಅಧಿಕಾರಿ ಪುಟ ತಿರುವಿ, ಮಸುಕಾದ ಮೊಹರು ಹುಡುಕಿ ಎಣಿಸಬೇಕಿತ್ತು. ಗಡಿಯಲ್ಲಿ ಬಂದವರನ್ನೂ ಹೋದವರನ್ನೂ ದಾಖಲಿಸುವ ಇಇಎಸ್ ಎಂಬ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಮೇಲೆ ಮೊಹರಿನ ಜಾಗದಲ್ಲಿ ಕಂಪ್ಯೂಟರ್ ದಾಖಲೆ ಇರುತ್ತದೆ. ಒಂದು ದಿನ ಹೆಚ್ಚಾದರೂ ಅದು ತಾನೇ ತೋರಿಸುತ್ತದೆ. ಮುಂದಿನ ವೀಸಾಕ್ಕೆ ಅದೇ ಮುಳ್ಳು.

ನಿಯಮದಂತೆ ನಡೆದರೆ ಲಾಭವೂ ಇದೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ, ಅದರ ನಂತರ ಐದು ವರ್ಷದ ಬಹುಪ್ರವೇಶ ವೀಸಾ ಕೊಡುವ ಪದ್ಧತಿ 2024ರಲ್ಲಿ ಬಂದಿದೆ. ಆಗ ಪ್ರತಿ ಸಲ ಅರ್ಜಿ ಹಾಕುವ ತಲೆನೋವು ತಪ್ಪುತ್ತದೆ. 90ರ ಲೆಕ್ಕ ಮಾತ್ರ ಹಾಗೇ ಇರುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು. ಅಡಿಕೆ ಸುಲಿದು ಸುಲಿದು ಬೆರಳಿನ ಗೆರೆ ಸವೆದಿದೆ, ಪಡಿತರ ಅಂಗಡಿಯ ಯಂತ್ರವೇ ತೆಗೆದುಕೊಳ್ಳುವುದಿಲ್ಲ. ಯುರೋಪಿನ ಗಡಿಯಲ್ಲಿ ಏನು ಕಥೆ?

ಉತ್ತರ: ನಿಮ್ಮ ಬೆರಳಿನ ಪರೀಕ್ಷೆ ಗಡಿಗಿಂತ ಮುಂಚೆ, ವೀಸಾ ಕೇಂದ್ರದಲ್ಲೇ ಆಗುತ್ತದೆ. ಅಲ್ಲಿ ಕೊಟ್ಟ ಗುರುತು 59 ತಿಂಗಳು ನಡೆಯುತ್ತದೆ. ವೀಸಾ ಇದ್ದವರ ಬೆರಳಚ್ಚನ್ನು ಇಇಎಸ್ ಮತ್ತೆ ಸಂಗ್ರಹಿಸುವುದಿಲ್ಲ, ಮುಖದ ಫೋಟೊ ಮಾತ್ರ ಇಟ್ಟುಕೊಳ್ಳುತ್ತದೆ. ಗಡಿಯಲ್ಲಿ ಬೆರಳಿಡಿ ಎಂದರೂ ಅದು ಹಳೆಯ ಗುರುತಿಗೆ ತಾಳೆ ನೋಡಲು.

ವೀಸಾ ಕೇಂದ್ರಕ್ಕೆ ಹೋಗುವ ಹಿಂದಿನ ಒಂದು ವಾರ ಸುಲಿಯುವ ಕತ್ತಿ ಬದಿಗಿಡಿ. ದಿನಾ ರಾತ್ರಿ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಅವತ್ತು ಬೆಳಗ್ಗೆ ಮಾತ್ರ ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆದುಕೊಂಡು ಹೋಗಿ.